ಪ್ರೋಟೀನ್ ಕೈ ಕೊಟ್ಟಾಗ: ತಪ್ಪಿರೋದು ಸರಪಳಿಲಾ, ಮಡಿಕೆಲಾ?

ಪ್ಯೂರಿಫೈ ಮಾಡಿದ ಪ್ರೋಟೀನ್ ಕೆಲ್ಸ ಮಾಡ್ತಿಲ್ಲ ಅಂದ ತಕ್ಷಣ ಎಲ್ರೂ ಹೇಳೋ ಮೊದಲ ಮಾತು "ಸರಿಯಾಗಿ ಫೋಲ್ಡ್ ಆಗಿಲ್ಲ ಅನ್ಸತ್ತೆ" ಅಂತ. ಇರಬಹುದು, ಆದ್ರೆ ಅಷ್ಟು ಬೇಗ ಮಡಿಕೆ ಮೇಲೆ ತಪ್ಪು ಹೊರಿಸೋದು ಬೇಡ. ಟ್ಯೂಬಲ್ಲಿರೋ ಸರಪಳಿ ನೀವು ಅಂದ್ಕೊಂಡಿರೋ ಸರಪಳಿನೇ ಹೌದಾ ಅಂತ ಮೊದ್ಲು ಕೇಳ್ಕೋಬೇಕು. ಸರಪಳಿ ತಪ್ಪಿದ್ರೆ ಬಫರ್ (ಪಿಹೆಚ್ ಹಿಡಿದಿಡೋ ದ್ರಾವಣ) ಬದಲಾಯಿಸಿ, ಪಿಹೆಚ್ ಬದಲಾಯಿಸಿ, ಎಷ್ಟು ದಿನ ರೀಫೋಲ್ಡ್ ಮಾಡಿದ್ರೂ ಏನೂ ಬರಲ್ಲ. ಅದಕ್ಕೇ ಕೆಳಗಿನ ಕ್ರಮದಲ್ಲಿ ಮೊದ್ಲು ಕಣ್ಣಿಗೆ ಕಾಣೋದು, ಆಮೇಲೆ ಸರಪಳಿ, ಆಮೇಲೆ ಮಡಿಕೆ.

ಬೇಸಿಕ್ಸ್ ಮರೆತವರಿಗೆ ಚಿಕ್ಕದಾಗಿ ಹೇಳ್ತೀನಿ. ಪ್ರಾಥಮಿಕ ರಚನೆ ಅಂದ್ರೆ ಯಾವ ಅಮೈನೊ ಆಮ್ಲದ ಪಕ್ಕ ಯಾವುದು ಅನ್ನೋ ಸಾಲು, ಅಮೈನೊ ತುದಿಯಿಂದ ಕಾರ್ಬಾಕ್ಸಿಲ್ ತುದಿವರೆಗೆ, ಪೆಪ್ಟೈಡ್ ಬಂಧದಿಂದ ಕಟ್ಟಿದ್ದು. ಯಾವ ಸಿಸ್ಟೀನ್ (ಗಂಧಕ ಇರೋ ಅಮೈನೊ ಆಮ್ಲ) ಯಾವುದರ ಜೊತೆ ಡೈಸಲ್ಫೈಡ್, ಅಂದ್ರೆ ಗಂಧಕ-ಗಂಧಕ ಬಂಧ, ಕಟ್ಟಿದೆ ಅನ್ನೋದನ್ನೂ ಇದೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ದ್ವಿತೀಯಕ ರಚನೆ ಅಂದ್ರೆ ಆ ಸರಪಳಿಯ ಬೆನ್ನೆಲುಬು ಅಲ್ಲಲ್ಲಿ ತಗೊಳ್ಳೋ ಆಕಾರ: ಆಲ್ಫಾ ಹೆಲಿಕ್ಸ್, ಬೀಟಾ ಶೀಟ್, ತಿರುವುಗಳು. ಇದನ್ನ ಹಿಡಿದಿಡೋದು ಬೆನ್ನೆಲುಬಿನ ಆಕ್ಸಿಜನ್ನಿಗೂ ನೈಟ್ರೋಜನ್ ಮೇಲಿರೋ ಹೈಡ್ರೋಜನ್ನಿಗೂ ನಡುವಿನ ಹೈಡ್ರೋಜನ್ ಬಂಧಗಳು. ಮೊದಲನೇದು ಗಟ್ಟಿ, ಅದನ್ನ ಪೂರ್ತಿ ಬಿಡಿಸ್ಬೇಕು ಅಂದ್ರೆ 6 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ 110 ಡಿಗ್ರಿಲಿ 24 ಗಂಟೆ ಬೇಯಿಸ್ಬೇಕು. ಎರಡನೇದು ಸ್ವಲ್ಪ ಬಿಸಿ, ಸ್ವಲ್ಪ ಯೂರಿಯಾ ಸಾಕು, ಬಿಚ್ಕೊಂಡು ಹೋಗತ್ತೆ. ಡೀನೇಚರ್ ಆಯ್ತು (ಮಡಿಕೆ ಬಿಚ್ಕೊಳ್ತು) ಅಂದ್ರೆ ಸರಪಳಿ ತುಂಡಾಯ್ತು ಅಂತ ಅಲ್ಲ, ಇದೊಂದನ್ನ ಗೊಂದಲ ಮಾಡ್ಕೊಂಡ್ರೆ ಮುಂದಿನ ಪತ್ತೆ ಕೆಲ್ಸ ಎಲ್ಲಾ ಅಡ್ಡದಾರಿ ಹಿಡಿಯತ್ತೆ.

ಮೊದ್ಲು ಸುರಕ್ಷತೆ

ಪಾಲಿಮರ್ ಆಗದೇ ಇರೋ ಅಕ್ರಿಲಮೈಡ್ ನರಗಳಿಗೆ ವಿಷ, ಗ್ಲೌಸ್ ಇಲ್ದೆ ಜೆಲ್ ಹುಯ್ಯಬೇಡಿ, ಪುಡಿ ತೂಗೋದಾದ್ರೆ ಇನ್ನೂ ಎಚ್ಚರ. ಮರ್ಕ್ಯಾಪ್ಟೋಎಥನಾಲ್ (ಡೈಸಲ್ಫೈಡ್ ಬಿಡಿಸೋ ರಾಸಾಯನಿಕ) ಬಾಟಲಿ ಫ್ಯೂಮ್ ಹುಡ್ಡಲ್ಲೇ ತೆಗೀರಿ. ಟ್ರೈಫ್ಲೂರೋಅಸೆಟಿಕ್ ಆಸಿಡ್ ಚರ್ಮ ಸುಡತ್ತೆ, ಅಸಿಟೋನೈಟ್ರೈಲ್‌ಗೆ ಬೇಗ ಬೆಂಕಿ ಹತ್ಕೊಳ್ಳತ್ತೆ. ಸಿಡಿ ಮಷೀನಿಗೆ (ಬೆಳಕು ಹಾಯಿಸಿ ಮಡಿಕೆ ನೋಡೋದು, ವಿವರ ಮುಂದೆ) ನೈಟ್ರೋಜನ್ ಬಿಡ್ತೀರಲ್ಲ, ಗಾಳಿ ಆಡದ ಸಣ್ಣ ರೂಮಲ್ಲಿ ಅದು ಸೋರಿದ್ರೆ ವಾಸನೆ ಇಲ್ಲ, ಬಣ್ಣ ಇಲ್ಲ, ಗೊತ್ತಾಗೋಕೆ ಮುಂಚೆನೇ ಮನುಷ್ಯ ಬಿದ್ದಿರ್ತಾನೆ. ಬಾಗ್ಲು ತೆಗೆದಿಡಿ.

ಲಕ್ಷಣ: ಟ್ಯೂಬ್ ಮಸುಕಾಗಿದೆ, ಇಲ್ಲಾ ತಳದಲ್ಲಿ ಬಿಳಿ ಕೂತಿದೆ

ಯಾವ ಮಷೀನೂ ಬೇಡ, ಟ್ಯೂಬನ್ನ ಬೆಳಕಿಗೆ ಹಿಡಿದು ಹಿಂದೆ ಕಪ್ಪು ಕಾಗದ ಇಟ್ಟು ನೋಡಿ. ನೂಲಿನ ಹಾಗೆ ಏನಾದ್ರೂ ಸುತ್ತಾಡ್ತಿದ್ಯಾ, ಹಾಲು ಕಲಸಿದ ಹಾಗಿದ್ಯಾ? ಸ್ಪೆಕ್ಟ್ರೋಫೋಟೋಮೀಟರ್ ಇದ್ರೆ 320 ಇಂದ 350 ನ್ಯಾನೋಮೀಟರ್ ಮಧ್ಯೆ ಓದಿ. ಅಲ್ಲಿ ಬಣ್ಣ ಇಲ್ಲದ ಶುದ್ಧ ಪ್ರೋಟೀನ್ ಏನೂ ಹೀರಲ್ಲ, ಏನಾದ್ರೂ ಸಂಖ್ಯೆ ಬಂದ್ರೆ ಅದು ಬೆಳಕು ಚದುರ್ತಿರೋದು, ಅಂದ್ರೆ ಗಂಟು ಕಟ್ಟಿದೆ.

ಇಲ್ಲಿ ಅತಿ ಸುಲಭದ ಕಾರಣ ಬಫರಿನ ಪಿಹೆಚ್ ಪ್ರೋಟೀನಿನ ಐಸೋಎಲೆಕ್ಟ್ರಿಕ್ ಬಿಂದುವಿಗೆ ತೀರಾ ಹತ್ರ ಇರೋದು. ಒಟ್ಟು ಚಾರ್ಜ್ ಸೊನ್ನೆ ಆದ್ರೆ ಅಣುಗಳು ಒಂದನ್ನೊಂದು ದೂರ ತಳ್ಳಲ್ಲ, ಅಂಟ್ಕೊಳ್ತವೆ. ಸೀಕ್ವೆನ್ಸಿಂದ ಆ ಬಿಂದು ಲೆಕ್ಕ ಹಾಕಿ, ಅಲ್ಲಿಂದ ಒಂದು ಪಿಹೆಚ್ ಆದ್ರೂ ದೂರ ಇರೋ ಬಫರಲ್ಲಿ ಸ್ವಲ್ಪ ಸ್ಯಾಂಪಲ್ ಹಾಕಿ ನೋಡಿ. ತಿಳಿಯಾದ್ರೆ ಸಮಸ್ಯೆ ಅಲ್ಲೇ ಮುಗೀತು. ಆಗ್ಲಿಲ್ಲ ಅಂದ್ರೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಬೇರೆ, ತಳದ್ದು ಬೇರೆ ಇಟ್ಕೊಳ್ಳಿ, ಎರಡನ್ನೂ ಜೆಲ್ಲಲ್ಲಿ ಓಡಿಸ್ಬೇಕಾಗತ್ತೆ. ಮಸುಕು ಸ್ಯಾಂಪಲನ್ನ ಹಾಗೇ ಸಿಡಿ ಮಷೀನಿಗೆ ಹಾಕ್ಬೇಡಿ, ಬರೋ ಗೆರೆಗೆ ಅರ್ಥ ಇರಲ್ಲ. ಮನುಷ್ಯರಿಗೋ ಪ್ರಾಣಿಗೋ ಚುಚ್ಚೋಕೆ ಇಟ್ಟಿರೋ ಪ್ರೋಟೀನ್ ಹೀಗಾಗಿದ್ರಂತೂ ಫಿಲ್ಟರ್ ಮಾಡಿ ಬಳಸೋಣ ಅನ್ನೋ ಯೋಚ್ನೆನೇ ಬೇಡ, ಅಲ್ಲಿಗೇ ನಿಲ್ಲಿಸಿ.

ಲಕ್ಷಣ: ಒಂದೊಂದು ವಿಧಾನದಲ್ಲಿ ಒಂದೊಂದು ಸಾಂದ್ರತೆ ತೋರಿಸ್ತಿದೆ

ಇದನ್ನ ಬಹಳ ಜನ ತಲೆಗೇ ಹಾಕ್ಕೊಳ್ಳಲ್ಲ, ಆದ್ರೆ ಮುಂದೆ ಸಿಡಿಯಲ್ಲಿ ತಪ್ಪು ಬರೋದು ಹೆಚ್ಚಾಗಿ ಇಲ್ಲಿಂದಾನೇ. ಬ್ರಾಡ್‌ಫೋರ್ಡ್ ವಿಧಾನದ ಬಣ್ಣ ಮುಖ್ಯವಾಗಿ ಆರ್ಜಿನೀನಿಗೆ ಅಂಟ್ಕೊಳ್ಳತ್ತೆ, ಆರ್ಜಿನೀನ್ ಕಮ್ಮಿ ಇರೋ ಪ್ರೋಟೀನ್ ಅಲ್ಲಿ ಕಮ್ಮಿನೇ ತೋರಿಸತ್ತೆ. ಬಯೂರೆಟ್ ಅನ್ನೋ ವಿಧಾನ ಪೆಪ್ಟೈಡ್ ಬಂಧ ನೋಡತ್ತೆ, ಹಾಗಾಗಿ ಪ್ರೋಟೀನಿಂದ ಪ್ರೋಟೀನಿಗೆ ವ್ಯತ್ಯಾಸ ಕಮ್ಮಿ, ಸೂಕ್ಷ್ಮತೆನೂ ಕಮ್ಮಿ. 280 ನ್ಯಾನೋಮೀಟರಲ್ಲಿ ಹೀರೋದು ಟ್ರಿಪ್ಟೋಫಾನ್, ಟೈರೋಸೀನ್, ಸ್ವಲ್ಪ ಮಟ್ಟಿಗೆ ಡೈಸಲ್ಫೈಡ್.

ಒಂದು ಲೆಕ್ಕ ಮಾಡೇ ನೋಡೋಣ. ಕೋಳಿಮೊಟ್ಟೆ ಲೈಸೋಜೈಮಲ್ಲಿ 6 ಟ್ರಿಪ್ಟೋಫಾನ್, 3 ಟೈರೋಸೀನ್, 4 ಡೈಸಲ್ಫೈಡ್. ಬೆಳಕು ಹೀರೋ ಗುಣಾಂಕ ಅಂತ ಟ್ರಿಪ್ಟೋಫಾನಿಗೆ 5500, ಟೈರೋಸೀನಿಗೆ 1490, ಡೈಸಲ್ಫೈಡಿಗೆ 125 ಹಾಕಿ ಕೂಡಿದ್ರೆ 37,970. ಅದನ್ನ ತೂಕ 14,305 ಇಂದ ಭಾಗಿಸಿದ್ರೆ ಸುಮಾರು 2.65, ಅಂದ್ರೆ ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇದ್ರೆ ಒಂದು ಸೆಂಟಿಮೀಟರ್ ಕ್ಯುವೆಟ್ಟಲ್ಲಿ 2.65 ಬರ್ಬೇಕು. "ಒಂದು ಅಬ್ಸಾರ್ಬೆನ್ಸ್ ಅಂದ್ರೆ ಒಂದು ಮಿಲಿಗ್ರಾಂ" ಅಂತ ಕಣ್ಮುಚ್ಚಿ ಹಿಡಿದವರಿಗೆ ಲೈಸೋಜೈಮಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ ತಪ್ಪು! ಟ್ರಿಪ್ಟೋಫಾನ್, ಟೈರೋಸೀನ್ ಎರಡೂ ಇಲ್ಲದ ಪೆಪ್ಟೈಡ್ ಆದ್ರೆ 280ರಲ್ಲಿ ಏನೂ ಕಾಣಲ್ಲ, ಪ್ರೋಟೀನೇ ಇಲ್ಲ ಅಂತ ಚೆಲ್ಲಿಬಿಡಬೇಡಿ. 260ರಲ್ಲಿ 280ಕ್ಕಿಂತ ಜಾಸ್ತಿ ಬರ್ತಿದ್ರೆ ಡಿಎನ್‌ಎ ಅಥವಾ ಆರ್‌ಎನ್‌ಎ ಸೇರ್ಕೊಂಡಿರೋ ಸಾಧ್ಯತೆ ಜಾಸ್ತಿ.

ಲಕ್ಷಣ: ಜೆಲ್ಲಲ್ಲಿ ಬ್ಯಾಂಡ್ ಇರಬೇಕಾದ ಜಾಗದಲ್ಲಿ ಇಲ್ಲ

ಜೆಲ್ ಸರಪಳಿಗಳನ್ನ ತೂಕದ ಪ್ರಕಾರ ಬೇರೆ ಮಾಡತ್ತೆ. ಅಮೈನೊ ಆಮ್ಲಗಳ ಸಂಖ್ಯೆಯನ್ನ 110ರಿಂದ ಗುಣಿಸಿದ್ರೆ ಅಂದಾಜು ತೂಕ ಡಾಲ್ಟನಲ್ಲಿ (ಅಣುವಿನ ತೂಕದ ಅಳತೆ) ಸಿಗತ್ತೆ. ಬ್ಯಾಂಡ್ ಸ್ವಲ್ಪ ಮೇಲಿದೆ ಅಂತ ಗಾಬರಿ ಬೇಡ. ಆಸ್ಪಾರ್ಟೇಟ್, ಗ್ಲುಟಮೇಟ್ ಜಾಸ್ತಿ ಇರೋ ಸರಪಳಿಗೆ ಎಸ್‌ಡಿಎಸ್ (ಜೆಲ್ಲಲ್ಲಿ ಓಡಿಸೋಕೆ ಸರಪಳಿಗೆ ಚಾರ್ಜ್ ಕೊಡೋ ಸೋಪಿನಂಥ ವಸ್ತು) ಕಮ್ಮಿ ಅಂಟತ್ತೆ, ಅದು ನಿಧಾನ ಓಡತ್ತೆ, ತೂಕ ಜಾಸ್ತಿ ಇದ್ದ ಹಾಗೆ ಕಾಣತ್ತೆ, ಸರಪಳಿ ಸರಿಯಾಗೇ ಇರತ್ತೆ.

ಸರಿಯಾಗಿ ಎರಡರಷ್ಟು ತೂಕದ ಜಾಗದಲ್ಲಿ ಇದ್ರೆ ರಿಡ್ಯೂಸಿಂಗ್ ಏಜೆಂಟ್ (ಡೈಸಲ್ಫೈಡ್ ಬಿಡಿಸೋದು, ಡಿಟಿಟಿ ಥರ) ಹಳೇದಾಗಿದ್ಯಾ ನೋಡಿ. ಹೊಸ ಡಿಟಿಟಿ ಹಾಕಿ ಮತ್ತೆ ಓಡಿಸಿದಾಗ ಕೆಳಗಿಳಿದ್ರೆ ಎರಡು ಸರಪಳಿ ಡೈಸಲ್ಫೈಡಿಂದ ಸೇರ್ಕೊಂಡಿದ್ವು ಅಂತ. ಕೆಳಗಡೆ ಏಣಿ ಮೆಟ್ಟಿಲ ಹಾಗೆ ಸಣ್ಣ ಸಣ್ಣ ಬ್ಯಾಂಡ್ ಬಂದಿದ್ರೆ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸೋ ಎಂಜೈಮ್) ಕಚ್ಚಿದೆ, ಇಲ್ಲಾ ಆಸಿಡ್ ಸ್ಯಾಂಪಲನ್ನ ಜಾಸ್ತಿ ಹೊತ್ತು ಕುದಿಸಿದ್ದೀರ (ಆಸ್ಪಾರ್ಟೇಟ್ ಪಕ್ಕ ಪ್ರೋಲೀನ್ ಇದ್ರೆ ಆ ಬಂಧ ಆಸಿಡ್ಡಲ್ಲಿ ಬಿಸಿ ಮಾಡಿದಾಗ ಸುಲಭವಾಗಿ ಒಡೆಯತ್ತೆ). ಎಲ್ಲಾ ಲೇನಲ್ಲೂ, ಬರೀ ಬಫರ್ ಹಾಕಿದ ಲೇನಲ್ಲೂ, 50ರಿಂದ 70 ಕಿಲೋಡಾಲ್ಟನ್ ಹತ್ರ ಮಸುಕು ಗೆರೆ ಬಂದಿದ್ಯಾ? ಅದು ಹೆಚ್ಚಾಗಿ ನಿಮ್ಮ ಚರ್ಮದ ಕೆರಾಟಿನ್.

ಲಕ್ಷಣ: ಮಾಸ್ ಸ್ಪೆಕ್ಕಲ್ಲಿ ತೂಕ ಸ್ವಲ್ಪ ಹೆಚ್ಚು ಕಮ್ಮಿ ಬರ್ತಿದೆ

ಮಾಸ್ ಸ್ಪೆಕ್ ಅಂದ್ರೆ ಅಣುವಿನ ತೂಕ ನಿಖರವಾಗಿ ಹೇಳೋ ಮಷೀನ್. ಸರಪಳಿ ಬಗ್ಗೆ ಒಂದೇ ಒಂದು ಟೆಸ್ಟ್ ಮಾಡೋಕೆ ಅವಕಾಶ ಅಂದ್ರೆ ಇದನ್ನೇ ಮಾಡಿ, ಯಾಕಂದ್ರೆ ವ್ಯತ್ಯಾಸದ ಸಂಖ್ಯೆನೇ ಕಾರಣ ಹೇಳತ್ತೆ. ಲೆಕ್ಕ ಹಾಕಿದ ತೂಕದಿಂದ ಬಂದ ತೂಕ ಎಷ್ಟು ಡಾಲ್ಟನ್ ದೂರ ಅಂತ ಬರ್ಕೊಳ್ಳಿ.

131 ಕಮ್ಮಿ: ಶುರುವಿನ ಮೆಥಿಯೋನೀನ್ ಕತ್ತರಿಸಿ ಹೋಗಿದೆ. ಎರಡನೇ ಜಾಗದಲ್ಲಿ ಗ್ಲೈಸೀನ್, ಅಲನೀನ್, ಸೆರೀನ್ ಥರ ಚಿಕ್ಕದು ಇದ್ರೆ ಬ್ಯಾಕ್ಟೀರಿಯಾ ಒಳಗೆ ಇದು ಮಾಮೂಲಿ, ದೋಷ ಅಲ್ವೇ ಅಲ್ಲ. 16 ಜಾಸ್ತಿ: ಆಕ್ಸಿಡೇಷನ್, ಮೊದಲ ಅನುಮಾನ ಮೆಥಿಯೋನೀನ್ ಮೇಲೆ. ಒಂದು ಹೊಸ ಟ್ಯೂಬ್, ಒಂದು ಹಳೇ ಟ್ಯೂಬ್ ಎರಡನ್ನೂ ಕೊಟ್ಟು ನೋಡಿ, ಹಳೇದರಲ್ಲಿ ಮಾತ್ರ ಇದ್ರೆ ಇಟ್ಟ ರೀತಿಯ ತಪ್ಪು. 42 ಜಾಸ್ತಿ ಅಸಿಟೈಲ್, 80 ಜಾಸ್ತಿ ಫಾಸ್ಫೇಟ್. 43 ಜಾಸ್ತಿ ಬಂದಿದ್ರೆ ನಿಮ್ಮ ಯೂರಿಯಾ ಬಿಸಿಯಾಗಿತ್ತಾ, ಹಳೇದಾ ಕೇಳ್ಕೊಳ್ಳಿ. ಯೂರಿಯಾ ದ್ರಾವಣದಲ್ಲಿ ಸಯನೇಟ್ ಹುಟ್ಟಿ ಲೈಸೀನಿಗೂ ಅಮೈನೊ ತುದಿಗೂ ಅಂಟ್ಕೊಳ್ಳತ್ತೆ, ಯೂರಿಯಾ ದ್ರಾವಣ ಆವತ್ತಾವತ್ತೇ ಮಾಡ್ಕೊಳ್ಳೋದು, ಬಿಸಿ ಮಾಡದೇ ಇರೋದು ಇದಕ್ಕೇ. 22 ಮತ್ತೆ ಅದರ ಗುಣಕಗಳು ಬರ್ತಿದ್ರೆ ಸರಪಳಿಲಿ ಏನೂ ಆಗಿಲ್ಲ, ಬರೀ ಸೋಡಿಯಂ, ಉಪ್ಪು ಚೆನ್ನಾಗಿ ತೆಗೆದು ಮತ್ತೆ ಕೊಡಿ. ಅಮೈನೊ ತುದಿಲಿ ಗ್ಲುಟಮೀನ್ ಇದ್ದು 17 ಕಮ್ಮಿ ಆಗಿದ್ರೆ ಅದು ಉಂಗುರ ಕಟ್ಕೊಂಡು ಪೈರೋಗ್ಲುಟಮೇಟ್ ಆಗಿದೆ.

ಡೈಸಲ್ಫೈಡಿನ ಲೆಕ್ಕನೂ ಇಲ್ಲೇ ಸಿಗತ್ತೆ. ಒಂದೊಂದು ಡೈಸಲ್ಫೈಡ್ ಕಟ್ಟಿದಾಗ ಎರಡು ಹೈಡ್ರೋಜನ್ ಹೋಗತ್ತೆ, 2 ಡಾಲ್ಟನ್ ಕಮ್ಮಿ. ಅದೇ ಲೈಸೋಜೈಮ್ ನಾಲ್ಕೂ ಕಟ್ಟಿದ್ದಾಗ 14,305, ನಾಲ್ಕನ್ನೂ ಬಿಡಿಸಿದ್ರೆ 14,313. ನಿಮ್ಮ ಪ್ರೋಟೀನಲ್ಲಿ ಎಷ್ಟು ಡೈಸಲ್ಫೈಡ್ ಇರ್ಬೇಕೋ ಅಷ್ಟು ಕಟ್ಟಿದ್ಯಾ ಅಂತ ರಿಡ್ಯೂಸ್ ಮಾಡಿ ಒಮ್ಮೆ, ಮಾಡದೆ ಒಮ್ಮೆ ತೂಕ ನೋಡಿದ್ರೆ ಗೊತ್ತಾಗತ್ತೆ.

ಬರೀ 1 ಡಾಲ್ಟನ್ ಜಾಸ್ತಿ ಬಂದ್ರೆ ಮಾತ್ರ ಹಿಡಿಯೋದು ಕಷ್ಟ. ಆಸ್ಪರಜೀನ್ ಆಸ್ಪಾರ್ಟೇಟ್ ಆದ್ರೆ ತೂಕ ಏರೋದು 0.98 ಅಷ್ಟೇ, ದೊಡ್ಡ ಪ್ರೋಟೀನಲ್ಲಿ ಇಡೀ ತೂಕ ನೋಡಿ ಇದನ್ನ ಹಿಡಿಯೋದು ಭರವಸೆ ಇಡೋ ಕೆಲ್ಸ ಅಲ್ಲ. ಆಸ್ಪರಜೀನ್ ಪಕ್ಕ ಗ್ಲೈಸೀನ್ ಇರೋ ಜಾಗಗಳು ನಿಮ್ಮ ಸೀಕ್ವೆನ್ಸಲ್ಲಿ ಇದ್ಯಾ ಹುಡುಕಿ, ಅಲ್ಲೇ ಇದು ಬೇಗ ಆಗೋದು, ಅದೂ ಪಿಹೆಚ್ ಏಳಕ್ಕಿಂತ ಮೇಲಿದ್ರೆ, ಬೆಚ್ಚಗಿದ್ರೆ.

ಮೇಲಿನ ಯಾವುದಕ್ಕೂ ಹೊಂದದ ವ್ಯತ್ಯಾಸ ಬಂದ್ರೆ ಪ್ರೋಟೀನ್ ಬಿಟ್ಟು ಪ್ಲಾಸ್ಮಿಡ್ (ಆ ಪ್ರೋಟೀನಿನ ಜೀನ್ ಹೊತ್ತಿರೋ ಡಿಎನ್‌ಎ ಉಂಗುರ) ಕಡೆ ತಿರುಗಿ, ಡಿಎನ್‌ಎ ಸೀಕ್ವೆನ್ಸ್ ಮಾಡಿಸಿ. ಒಂದೇ ಅಕ್ಷರ ಬದಲಾದ್ರೆ ಏನಾಗತ್ತೆ ಅನ್ನೋದಕ್ಕೆ ಸಿಕಲ್ ಸೆಲ್ ಕಾಯಿಲೆಗಿಂತ ದೊಡ್ಡ ಸಾಕ್ಷಿ ಬೇಡ. ಬೀಟಾ ಗ್ಲೋಬಿನ್ನಿನ ಆರನೇ ಜಾಗದಲ್ಲಿ ಗ್ಲುಟಮೇಟ್ ಹೋಗಿ ವ್ಯಾಲೀನ್ ಬಂತು, ತೂಕದಲ್ಲಿ ಬರೀ 30 ಡಾಲ್ಟನ್ ಕಮ್ಮಿ, ಅಷ್ಟಕ್ಕೇ ಆಮ್ಲಜನಕ ಬಿಟ್ಟ ಹಿಮೋಗ್ಲೋಬಿನ್ ಕಡ್ಡಿ ಕಡ್ಡಿಯಾಗಿ ಜೋಡಿಸ್ಕೊಂಡು ಕೆಂಪು ರಕ್ತಕಣದ ಆಕಾರನೇ ಕೆಡತ್ತೆ.

ಲಕ್ಷಣ: ತುಂಡು ಮಾಡಿ ನೋಡಿದ್ರೆ ಸೀಕ್ವೆನ್ಸ್ ಪೂರ್ತಿ ಸಿಗ್ತಿಲ್ಲ

ತುಂಡು ಮಾಡೋ ಎಂಜೈಮ್ ಟ್ರಿಪ್ಸಿನ್, ಲೈಸೀನ್, ಆರ್ಜಿನೀನ್ ಆದ್ಮೇಲೆ ಕತ್ತರಿಸತ್ತೆ, ಆದ್ರೆ ಅದರ ಮುಂದೆ ಪ್ರೋಲೀನ್ ಇದ್ರೆ ಸಾಮಾನ್ಯವಾಗಿ ಬಿಟ್ಟುಬಿಡತ್ತೆ. ಮೊದ್ಲು ಕಾಗದದ ಮೇಲೆ ಕತ್ತರಿಸಿ ನೋಡಿ, ಸಿಗದೇ ಇರೋ ಭಾಗದಲ್ಲಿ ಲೈಸೀನ್ ಆರ್ಜಿನೀನ್ ಇಲ್ವೇ ಇಲ್ಲ ಅಂದ್ರೆ ತುಂಡು ತೀರಾ ಉದ್ದ ಆಗಿ ಮಷೀನಿಗೆ ಕಂಡಿಲ್ಲ, ಅಷ್ಟೇ. ಬೇರೆ ಎಂಜೈಮ್ ಹಾಕಿ. ಕತ್ತರಿಸೋ ಜಾಗ ಇದ್ದೂ ಕತ್ತರಿಸಿಲ್ಲ ಅಂದ್ರೆ ಪ್ರೋಟೀನ್ ಪೂರ್ತಿ ಬಿಚ್ಚಿಲ್ಲ.

ಎಡ್ಮನ್ ವಿಧಾನದಲ್ಲಿ (ಅಮೈನೊ ತುದಿಯಿಂದ ಒಂದೊಂದೇ ಅಮೈನೊ ಆಮ್ಲ ಬಿಡಿಸಿ ಓದೋದು) ಒಂದಕ್ಷರನೂ ಬರ್ತಿಲ್ಲ, ಆದ್ರೆ ಪ್ರೋಟೀನ್ ಸಾಕಷ್ಟಿದೆ ಅಂದ್ರೆ ಅಮೈನೊ ತುದಿ ಮುಚ್ಚಿದೆ: ಅಸಿಟೈಲ್ ಅಥವಾ ಆ ಪೈರೋಗ್ಲುಟಮೇಟ್. ಇನ್ನೊಂದು, ಲ್ಯೂಸೀನಿಗೂ ಐಸೋಲ್ಯೂಸೀನಿಗೂ ತೂಕ ಒಂದೇ, ಮಾಮೂಲಿ ಮಾಸ್ ಸ್ಪೆಕ್ಕಲ್ಲಿ ಅವೆರಡನ್ನ ಬೇರೆ ಮಾಡೋಕಾಗಲ್ಲ, ಅಲ್ಲಿ ಎಡ್ಮನ್ನೇ ಗತಿ. ಇನ್ಸುಲಿನ್ನಿನ 51 ಅಮೈನೊ ಆಮ್ಲಗಳ ಸಾಲನ್ನ ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲಿ ಈ ಮಷೀನು ಯಾವುದೂ ಇಲ್ದೆ, ತುಂಡು ಮಾಡಿ ತುದಿಗೆ ಬಣ್ಣ ಕಟ್ಟಿ ಜೋಡಿಸಿದ್ರು ಅನ್ನೋದನ್ನ ನೆನೆದ್ರೆ ಇವತ್ತಿಗೂ ಮೈ ಜುಮ್ ಅನ್ನತ್ತೆ.

ಲಕ್ಷಣ: ಸಿಡಿ ಗೆರೆ ಚಪ್ಪಟೆ, ಇಲ್ಲಾ ಕೆಳಗಡೆ ಹುಚ್ಚಾಪಟ್ಟೆ ಕುಣೀತಿದೆ

ಸರಪಳಿ ಸರಿ ಅಂತ ಖಾತ್ರಿ ಆಯ್ತು, ಈಗ ಮಡಿಕೆ. ಸಿಡಿ ಅಂದ್ರೆ ಸರ್ಕ್ಯುಲರ್ ಡೈಕ್ರೋಯಿಸಂ, ದ್ವಿತೀಯಕ ರಚನೆ ನೋಡೋಕೆ ಸಾಮಾನ್ಯವಾಗಿ ಬಳಸೋ ದಾರಿ. ಗೆರೆ ನೋಡೋಕೆ ಮುಂಚೆ ಅದರ ಜೊತೆಗೇ ಬರೋ ವೋಲ್ಟೇಜ್ ಗೆರೆ ನೋಡಿ, ದಯವಿಟ್ಟು. 200ರ ಕಡೆ ಹೋಗ್ತಾ ಅದು ಸರ್ರಂತ ಏರಿ 600, 700 ವೋಲ್ಟ್ ದಾಟಿದ್ರೆ ಅಲ್ಲಿಂದಾಚೆಗೆ ಡಿಟೆಕ್ಟರಿಗೆ ಬೆಳಕೇ ತಲುಪ್ತಿಲ್ಲ, ಆಚೆ ಕಾಣೋದೆಲ್ಲ ಬರೀ ಗದ್ದಲ. ಅದನ್ನ ಪ್ರೋಟೀನಿನ ಆಕಾರ ಅಂತ ಓದಿ ಪೇಪರಿಗೆ ಹಾಕೋದನ್ನ ನೋಡಿದಾಗ ಬೇಜಾರಾಗತ್ತೆ.

ಕಾರಣ ಹತ್ತರಲ್ಲಿ ಎಂಟು ಸಲ ಬಫರ್. ಕ್ಲೋರೈಡ್, ಇಮಿಡಜೋಲ್, ಡಿಟಿಟಿ ಎಲ್ಲವೂ ಆ ಭಾಗದಲ್ಲಿ ತಾವೇ ಬೆಳಕು ಹೀರ್ತವೆ. 10 ಮಿಲಿಮೋಲಾರ್ ಫಾಸ್ಫೇಟಿಗೆ ಡಯಾಲಿಸಿಸ್ ಮಾಡಿ, ಉಪ್ಪು ಬೇಕೇ ಬೇಕು ಅಂದ್ರೆ ಕ್ಲೋರೈಡ್ ಬದಲು ಫ್ಲೋರೈಡ್ (ಫ್ಲೋರೈಡ್ ವಿಷ, ಆಸಿಡ್ ಜೊತೆ ಸೇರಿಸ್ಬೇಡಿ). ಆಮೇಲೆ ಕ್ಯುವೆಟ್ ತೊಳ್ದು ಬರೀ ನೀರು ಹಾಕಿ ಓದಿ. ಆಮೇಲೆ ನೈಟ್ರೋಜನ್ ಸರಿಯಾಗಿ ಹರೀತಿದ್ಯಾ: ಲ್ಯಾಂಪ್ ಹೊತ್ತಿಸೋಕೆ ಮುಂಚೆನೇ ಬಿಡ್ಬೇಕು, ಇಲ್ಲಾಂದ್ರೆ ಓಜೋನ್ ಹುಟ್ಟಿ ಕನ್ನಡಿಗಳನ್ನ ತಿನ್ನತ್ತೆ.

ಚಪ್ಪಟೆ ಬಂದಿದ್ರೂ, ನಂಬೋಕಾಗದಷ್ಟು ದೊಡ್ಡದು ಬಂದಿದ್ರೂ ಸಾಂದ್ರತೆಗೆ ವಾಪಸ್ ಹೋಗಿ. ಒಂದು ಮಿಲಿಮೀಟರ್ ಕ್ಯುವೆಟ್ಟಲ್ಲಿ ಮಿಲಿಲೀಟರಿಗೆ 0.1 ಮಿಲಿಗ್ರಾಂ ಪ್ರೋಟೀನ್ ಇದ್ದು 222 ನ್ಯಾನೋಮೀಟರಲ್ಲಿ ಮೈನಸ್ 30 ಮಿಲಿಡಿಗ್ರಿ ಬಂದ್ರೆ ಪ್ರತಿ ಅಮೈನೊ ಆಮ್ಲಕ್ಕೆ ಸುಮಾರು ಮೈನಸ್ 33,000 ಆಗತ್ತೆ, ಅದು ಹತ್ತತ್ರ ಪೂರ್ತಿ ಹೆಲಿಕ್ಸ್. ಅದೇ ಸ್ಯಾಂಪಲ್ ಮೈನಸ್ 60 ತೋರಿಸ್ತಿದೆ ಅಂದ್ರೆ ಅಂಥ ಪ್ರೋಟೀನ್ ಇರೋಕೆ ಸಾಧ್ಯ ಇಲ್ಲ, ನಿಮ್ಮ ಸಾಂದ್ರತೆ ತಪ್ಪು.

ಲಕ್ಷಣ: ಗೆರೆ ಚೆನ್ನಾಗಿದೆ, ಆದ್ರೆ ಬರಬೇಕಾದ ಆಕಾರ ಅಲ್ಲ

ಹೆಲಿಕ್ಸ್ ಇದ್ರೆ 208ರಲ್ಲಿ, 222ರಲ್ಲಿ ಎರಡು ಗುಂಡಿ, 192ರ ಹತ್ರ ಎತ್ತರದ ಗುಡ್ಡ. ಬೀಟಾ ಆದ್ರೆ 218ರ ಹತ್ರ ಒಂದೇ ಗುಂಡಿ, ಅದೂ ಕಮ್ಮಿ ಆಳ. ಬಿಚ್ಚಿದ ಸರಪಳಿ ಆದ್ರೆ 195ರಿಂದ 200ರ ಮಧ್ಯೆ ಆಳವಾದ ಗುಂಡಿ, 222ರಲ್ಲಿ ಹೆಚ್ಚೇನೂ ಇಲ್ಲ.

ಹೆಲಿಕ್ಸ್ ಬರ್ಬೇಕಿತ್ತು, ಬಿಚ್ಚಿದ್ದು ಬಂತು: ನಿಮ್ಮದು ಚಿಕ್ಕ ಪೆಪ್ಟೈಡಾ? ಹೆಲಿಕ್ಸಲ್ಲಿ ಒಂದು ಸುತ್ತಿಗೆ 3.6 ಅಮೈನೊ ಆಮ್ಲ, ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಮ್, ಪ್ರತಿಯೊಂದರ ಆಕ್ಸಿಜನ್ ನಾಲ್ಕು ಜಾಗ ಮುಂದಿರೋದರ ಹೈಡ್ರೋಜನ್ನಿಗೆ ಕಟ್ಕೊಳ್ಳತ್ತೆ. ಲೈನಸ್ ಪಾಲಿಂಗ್ ಮತ್ತೆ ಜೊತೆಗಾರರು 1951ರಲ್ಲಿ ಕೊಟ್ಟ ಈ ಮಾದರಿ ಪ್ರಕಾರ ಎರಡೂ ತುದಿಲಿ ನಾಲ್ಕು ನಾಲ್ಕಕ್ಕೆ ಜೋಡಿ ಸಿಗಲ್ಲ. ಸರಪಳಿ 12, 15 ಅಮೈನೊ ಆಮ್ಲದ್ದೇ ಆದ್ರೆ ಒಳಗೆ ಉಳಿಯೋ ಬಂಧ ಕಮ್ಮಿ, ನೀರಲ್ಲಿ ಅದು ಹೆಲಿಕ್ಸಾಗಿ ನಿಲ್ಲೋದೇ ಅಪರೂಪ, ದೋಷ ಅಂತ ತಿಳ್ಕೋಬೇಡಿ. ಟ್ರೈಫ್ಲೂರೋಎಥನಾಲ್ ಸ್ವಲ್ಪ ಸ್ವಲ್ಪ ಸೇರಿಸಿದಾಗ ಹೆಲಿಕ್ಸ್ ಬಂದ್ರೆ ಸರಪಳಿಗೆ ಆ ಒಲವಿದೆ ಅಂತಷ್ಟೇ ಅರ್ಥ, ನೀರಲ್ಲೂ ಹಾಗೇ ಇರತ್ತೆ ಅಂತ ಅಲ್ಲ.

ಮಧ್ಯದಲ್ಲಿ ಪ್ರೋಲೀನ್ ಹಾಕಿದ್ದೀರಾ ನೋಡಿ. ಅದರ ನೈಟ್ರೋಜನ್ ಮೇಲೆ ಕೊಡೋಕೆ ಹೈಡ್ರೋಜನ್ನೇ ಇಲ್ಲ, ಉಂಗುರ ಹಿಂದಿನ ಸುತ್ತಿಗೆ ಅಡ್ಡ ಬರತ್ತೆ, ಹೆಲಿಕ್ಸ್ ಅಲ್ಲೇ ಮುರಿಯತ್ತೆ ಇಲ್ಲಾ ಬಾಗತ್ತೆ. ಗ್ಲೈಸೀನ್ ಇನ್ನೊಂದು ಥರ, ಪಕ್ಕದ ಗುಂಪು ಇಲ್ಲದ್ರಿಂದ ಬೇರೆಯವಕ್ಕೆ ಮುಚ್ಚಿರೋ ಕೋನಗಳೂ ಅದಕ್ಕೆ ತೆರೆದಿವೆ, 1963ರ ರಾಮಚಂದ್ರನ್ ನಕ್ಷೆಲಿ (ಬೆನ್ನೆಲುಬು ತಗೊಳ್ಳಬಹುದಾದ ಕೋನಗಳ ನಕ್ಷೆ) ಅದಕ್ಕೆ ಸಿಗೋ ಜಾಗ ಬೇರೆ ಎಲ್ಲದಕ್ಕಿಂತ ದೊಡ್ಡದು, ಹಾಗಾಗಿ ಸುರುಳಿಲಿ ಕಟ್ಟುಬಿದ್ದು ಕೂರಲ್ಲ.

ಹೆಲಿಕ್ಸ್ ಬರ್ಬೇಕಿತ್ತು, ಬೀಟಾ ಬಂತು, ಅದೂ ದಿನ ಕಳೆದ ಹಾಗೆ ಜಾಸ್ತಿ ಆಗ್ತಿದೆ: ಇದು ನನಗೆ ನಿಜವಾಗ್ಲೂ ಆತಂಕ ತರೋ ಲಕ್ಷಣ. ಸರಪಳಿಗಳು ಒಂದಕ್ಕೊಂದು ಪಕ್ಕ ಪಕ್ಕ ಕೂತು ಅಮಿಲಾಯ್ಡ್ ಎಳೆ ಕಟ್ತಿರಬಹುದು. ಥಯೋಫ್ಲೇವಿನ್ ಟಿ (ಅಂಥ ಎಳೆಗೆ ಅಂಟಿ ಹೊಳೆಯೋ ಬಣ್ಣ) ಹಾಕಿ 440ರ ಹತ್ರ ಬೆಳಕು ಕೊಟ್ಟು 482ರ ಹತ್ರ ಹೊಳಪು ಏರತ್ತಾ ನೋಡಿ. ಇನ್‌ಫ್ರಾರೆಡ್ಡಲ್ಲಿ ಅಮೈಡ್ ಒಂದರ (ಪೆಪ್ಟೈಡ್ ಬಂಧ ಹೀರೋ ಬೆಳಕಿನ) ಪಟ್ಟಿ 1650ರ ಹತ್ರದಿಂದ 1620ರ ಕಡೆ ಇಳಿದಿದ್ರೆ ಅದೇ ಕಥೆ (ನೀರು ಕೂಡ 1645ರಲ್ಲಿ ಹೀರತ್ತೆ, ಭಾರಜಲದಲ್ಲಿ ಓದಿದ್ರೆ ಒಳ್ಳೇದು). ಕಟ್ಟಿದ ಎಳೆ ಮತ್ತೆ ಸುಲಭಕ್ಕೆ ಬಿಚ್ಚಲ್ಲ, ಆ ಬ್ಯಾಚ್ ಬಿಟ್ಟು ಹೊಸದು ಮಾಡಿ, ಈ ಸಲ ತೆಳುವಾಗಿ, ತಣ್ಣಗೆ, ಅಲುಗಾಡಿಸದೆ ಇಡಿ.

ಲಕ್ಷಣ: ತೂಕ ಸರಿ, ಸಿಡಿ ಸರಿ, ಆದ್ರೂ ಕೆಲ್ಸ ಮಾಡ್ತಿಲ್ಲ

ಸಿಸ್ಟೀನ್ ಜಾಸ್ತಿ ಇರೋ ಪ್ರೋಟೀನಾ? ಹಾಗಿದ್ರೆ ಡೈಸಲ್ಫೈಡ್ ತಪ್ಪು ಜೋಡಿ ಕಟ್ಟಿರಬಹುದು. ರೈಬೋನ್ಯೂಕ್ಲಿಯೇಸ್ ಎ ಅಂತ 124 ಅಮೈನೊ ಆಮ್ಲದ ಎಂಜೈಮ್, 8 ಸಿಸ್ಟೀನ್, ಅವು ನಾಲ್ಕು ಜೋಡಿ ಕಟ್ಟೋಕೆ 105 ದಾರಿ, ಕೆಲ್ಸ ಮಾಡೋದು ಒಂದೇ. ಕ್ರಿಶ್ಚಿಯನ್ ಆನ್ಫಿನ್ಸನ್ ತೋರಿಸಿದ್ದು ಇದನ್ನೇ: ಯೂರಿಯಾ ಇರುವಾಗಲೇ ಆಕ್ಸಿಡೈಸ್ ಮಾಡಿದ್ರೆ ಜೋಡಿಗಳು ಕಲಸಿಹೋಗಿ ಎಂಜೈಮ್ ಸತ್ತ ಹಾಗಿರತ್ತೆ, ಯೂರಿಯಾ ತೆಗೆದು ಒಂಚೂರು ಮರ್ಕ್ಯಾಪ್ಟೋಎಥನಾಲ್ ಕೊಟ್ರೆ ತಾನೇ ಜೋಡಿ ಬದಲಾಯಿಸ್ಕೊಂಡು ಎದ್ದು ಕೂರತ್ತೆ. 105ರಲ್ಲಿ ಯಾವುದು ಕಟ್ಟಿದ್ರೂ ಒಟ್ಟು ತೂಕ ಒಂದೇ, ಹಾಗಾಗಿ ಮಾಸ್ ಸ್ಪೆಕ್ ಇಡೀ ತೂಕ ಇಲ್ಲಿ ಕುರುಡು. ರಿಡ್ಯೂಸ್ ಮಾಡದೆ ತುಂಡು ಮಾಡಿ, ಯಾವ ತುಂಡು ಯಾವುದಕ್ಕೆ ಅಂಟಿದೆ ಅಂತ ನೋಡ್ಬೇಕು. ಅಷ್ಟು ದೂರ ಹೋಗೋಕೆ ಮುಂಚೆ, ರಿಡ್ಯೂಸ್ಡ್ ಮತ್ತೆ ಆಕ್ಸಿಡೈಸ್ಡ್ ಗ್ಲುಟಾಥಯೋನ್ ಮಿಶ್ರಣದಲ್ಲಿ ಒಂದು ರಾತ್ರಿ ಇಟ್ಟು ಚಟುವಟಿಕೆ ಏರತ್ತಾ ನೋಡಿ, ಖರ್ಚು ಕಮ್ಮಿ.

ಸಿಸ್ಟೀನೇ ಇಲ್ಲ ಅಂದ್ರೆ ಲೋಹದ ಅಯಾನ್, ಕೋಫ್ಯಾಕ್ಟರ್ ಬಿಟ್ಟುಹೋಗಿದ್ಯಾ ನೋಡಿ, ಲೋಹ ಕಿತ್ಕೊಳ್ಳೋ ಇಡಿಟಿಎ ಎಲ್ಲಾದ್ರೂ ಸೇರಿದ್ಯಾ ನೋಡಿ. ಅದೂ ಅಲ್ಲ ಅಂದ್ರೆ ತಪ್ಪಿರೋದು ತೃತೀಯಕ ರಚನೆಲಿ (ಇಡೀ ಸರಪಳಿಯ ಮೂರು ಆಯಾಮದ ಮಡಿಕೆ), ಸಿಡಿಯಲ್ಲೇ 250ರಿಂದ 300ರ ಭಾಗ ಓದ್ಬೇಕಾಗತ್ತೆ.

ಎಲ್ಲಿ ನಿಲ್ಲಿಸಿ ಸಹಾಯ ಕೇಳ್ಬೇಕು

ಎರಡು ಬೇರೆ ಬೇರೆ ಬ್ಯಾಚಲ್ಲಿ ಒಂದೇ ಥರದ ವಿವರಿಸೋಕಾಗದ ತೂಕ ಬಂದ್ರೆ, ಡೈಸಲ್ಫೈಡ್ ಜೋಡಿ ಹುಡುಕೋ ಹಂತ ಬಂದ್ರೆ, ಸ್ಯಾಂಪಲ್ ಕೊನೇ ಕೆಲವೇ ಮೈಕ್ರೋಗ್ರಾಂ ಉಳಿದಿದ್ರೆ ಒಬ್ರೇ ಮುಂದುವರೀಬೇಡಿ, ಮಾಸ್ ಸ್ಪೆಕ್ ನಡೆಸೋವ್ರ ಹತ್ರ ಕೂತು ಮಾತಾಡಿ. ಅಮಿಲಾಯ್ಡ್ ಕಟ್ಟೋ ಪ್ರೋಟೀನ್ ಅಂತ ಗೊತ್ತಾದ್ರೆ, ಅದರಲ್ಲೂ ಪ್ರಿಯಾನ್ (ರೋಗ ಹರಡೋ ತಪ್ಪು ಮಡಿಕೆಯ ಪ್ರೋಟೀನ್) ಸಂಬಂಧದ್ದಾದ್ರೆ, ಸೆಂಟ್ರಿಫ್ಯೂಜ್, ಸೋನಿಕೇಟರ್ ಮುಟ್ಟೋಕೆ ಮುಂಚೆ ಸುರಕ್ಷತೆ ನೋಡ್ಕೊಳ್ಳೋವ್ರಿಗೆ ಹೇಳಿ, ಮಾಮೂಲಿ ಆಟೋಕ್ಲೇವ್, ಆಲ್ಕೋಹಾಲ್ ಅದಕ್ಕೆ ನಾಟಲ್ಲ. ಸಹಾಯ ಕೇಳೋಕೆ ಹೋಗುವಾಗ ಬರೀ "ಪ್ರೋಟೀನ್ ಸರಿ ಇಲ್ಲ" ಅಂತ ಹೋಗ್ಬೇಡಿ. ಟ್ಯಾಗ್ ಸೇರಿಸಿದ ಪೂರ್ತಿ ಸೀಕ್ವೆನ್ಸ್, ಬಫರಲ್ಲಿ ಏನೇನು ಎಷ್ಟೆಷ್ಟಿದೆ, ಸಾಂದ್ರತೆ ಯಾವ ವಿಧಾನದಲ್ಲಿ ನೋಡಿದ್ದು, ಎಷ್ಟು ಸಲ ಫ್ರೀಜರಿಂದ ತೆಗೆದು ಕರಗಿಸಿದ್ದು, ರಿಡ್ಯೂಸ್ ಮಾಡಿದ ಹಾಗೂ ಮಾಡದ ಎರಡೂ ಜೆಲ್ಲಿನ ಫೋಟೋ, ಸಿಡಿ ಜೊತೆಗೆ ಅದರ ವೋಲ್ಟೇಜ್ ಗೆರೆ, ಇಷ್ಟನ್ನ ತಗೊಂಡು ಹೋಗಿ.